ಸೂರಿಲ್ಲದ ಚಿತ್ರ

ದೋಹಾದ ಮ್ಯೂಸಿಯಮ್ಮಿನಲ್ಲಿ ನನ್ನ ಕೆಲಸ
ಗಾಜಿಗೆ ಯಾರೂ ಹಣೆ ತಾಗಿಸದಂತೆ ಕಾಯುವುದು.
ಒಳಗೆ ಒಂಬೈನೂರು ವರ್ಷದ ಜಪಾನೀ ಸುರುಳಿಚಿತ್ರ;
ಬಣ್ಣಕ್ಕೆ ಬೆಳಕಿನ ಭಯವಂತೆ, ದೀಪ ಮಬ್ಬು.
ಅರಮನೆಯ ಮಾಡನ್ನೇ ಕಳಚಿಟ್ಟು ಚಿತ್ರಕಾರ
ಮೇಲಿನಿಂದ ಇಣುಕಿದ್ದಾನೆ.
ಕಣ್ಣೆಂದರೆ ಒಂದು ಗೆರೆ, ಮೂಗೆಂದರೆ ಕೊಕ್ಕೆ.
ಆ ರಾಣಿವಾಸದವಳು ಅಳುತ್ತಿದ್ದಾಳೋ, ತೂಕಡಿಸುತ್ತಿದ್ದಾಳೋ,
ಹೇಳುವುದಿದ್ದರೆ ನೆಲಕ್ಕೆ ಹರಿದ ಕೂದಲೇ ಹೇಳಬೇಕು.

ರಾತ್ರಿ, ಸನಾಯ್ಯದ ರೂಮು. ಮೇಲಿನ ಮಂಚ ನನ್ನದು.
ತಗಡಿನ ಮಾಡನ್ನು ಮನಸ್ಸಿನಲ್ಲೇ ಎತ್ತಿ ನೋಡಿದೆ.
ಏಳು ಜನ.
ನೇಪಾಳದ ತೇಜ್
ಮೊಬೈಲಿನ ನೀಲಿಯಲ್ಲಿ ಮುಖ ತೊಳೆಯುತ್ತಿದ್ದಾನೆ.
ಹಗ್ಗದ ಮೇಲೆ ಒದ್ದೆ ಯೂನಿಫಾರ್ಮು, ಪರದೆಯ ಹಾಗೆ.
ಮೋನಪ್ಪ ಗೋಡೆಗೆ ತಿರುಗಿ ಮಲಗಿದ್ದಾನೆ:
ಕಣ್ಣು ಗೆರೆ, ಮೂಗು ಕೊಕ್ಕೆ.
ಹೆಗಲು ಮಾತ್ರ ಅಲುಗುತ್ತಿತ್ತು.

ಮೆಲ್ಲಗೆ
ಮಾಡು ಮುಚ್ಚಿದೆ.