ಹಿಂಬಾಗಿಲಿಗೊಂದು ಚೀಟಿ

ನಗರ್ತಪೇಟೆಯ ನಮ್ಮ ಪಾತ್ರೆ ಅಂಗಡಿಗೆ
ಎರಡು ಬಾಗಿಲು.
ಒಂದು ದೊಡ್ಡ ಬೀದಿಗೆ, ಇನ್ನೊಂದು
ಸ್ಕೂಟರ್ ಕೂಡ ಉಸಿರು ಬಿಗಿಹಿಡಿದು ನುಗ್ಗುವ ಸಂದಿಗೆ.
ಈಚೆ ಚೌಕಾಸಿ ಮುರಿದು ಮುಖ ಊದಿಸಿ ಹೋದವರು
ಸುತ್ತು ಹಾಕಿ ಆಚೆಯಿಂದ ಬಂದು
‘ಆ ಅಂಗಡಿಯವನು ಆರುನೂರು ಹೇಳಿದ, ನೀವೆಷ್ಟು?’ ಎಂದು
ಅದೇ ಧರಣೇಂದ್ರಯ್ಯನವರನ್ನು ಕೇಳುತ್ತಾರೆ.
ಅವರು ಕನ್ನಡಕ ಮಾತ್ರ ತೆಗೆದಿರುತ್ತಾರೆ.

ನಾನು ಅಟ್ಟದ ಮೇಲೆ ಕೂತು
ಅಂಗಡಿಯ ವೆಬ್‌ಸೈಟು ನೋಡಿಕೊಳ್ಳುವವಳು.
ಸೋಮವಾರ ಕೆಳಗಿಂದ ಕೂಗಿದರು:
‘ನಜ್ಮಾ, ನಮ್ಮ ಹತ್ರ ಇರೋದು ನಾನೂರ ಹನ್ನೆರಡು ಪಾತ್ರೆ.
ಗೂಗಲ್ಲು ಮೂವತ್ತೊಂದು ಸಾವಿರ ಪುಟ ಅಂತಿದೆಯಲ್ಲ,
ಯಾರಮ್ಮ ಬರೆದಿದ್ದು?’

ಯಾರೂ ಬರೆದಿಲ್ಲ.
ಕೇಳಿದ್ದಾರೆ, ಅಷ್ಟೆ.
ಹುಡುಕುವ ಪೆಟ್ಟಿಗೆಯಲ್ಲಿ ಯಾರೋ ಒಂದು ಪದ ಹಾಕಿದರೆ
ಅದಕ್ಕೊಂದು ಪುಟ ಹುಟ್ಟುತ್ತದೆ,
ವಿಳಾಸದ ಬಾಲಕ್ಕೆ ಪ್ರಶ್ನೆಚಿಹ್ನೆ ಸಿಕ್ಕಿಸಿಕೊಂಡು.
ಸೌಟು. ಸವುಟು. ಸಟ್ಟುಗ. ಹುಟ್ಟು.
ಸಾರಿನ ಸೌಟು ಉದ್ದ ಹಿಡಿ.
ಸೌಟು, ಬೆಲೆ ಕಡಿಮೆಯಿಂದ ಹೆಚ್ಚು. ಸೌಟು, ಪುಟ ಎರಡು.
ಯಾವ ಬಾಗಿಲು ತೆಗೆದರೂ ಗೋಡೆಯಲ್ಲಿ ತೂಗುವುದು
ಅವೇ ಆರು ಸೌಟು.

ಗೂಗಲ್ಲಿನ ಆಳು, ಪಾಪ, ಹಗಲಿರುಳು ಬರುತ್ತಾನೆ
ಜನಗಣತಿಯವನ ಹಾಗೆ ಪುಸ್ತಕ ಹಿಡಿದು.
ಒಂದೇ ಮನೆಯ ಕದ ನೂರು ಕಡೆಯಿಂದ ತಟ್ಟಿ
ಒಂದೇ ಹೆಸರು ನೂರು ಸಲ ಬರೆದು, ಸುಸ್ತಾಗಿ,
ಮೊನ್ನೆ ಬಂದ ತಟ್ಟೆ ಇಡ್ಲಿ ಸ್ಟ್ಯಾಂಡನ್ನು ನೋಡದೆಯೇ
ಹೊರಟುಹೋಗುತ್ತಾನೆ.
ಸಿಟ್ಟಿಲ್ಲ ಅವನಿಗೆ. ಹೊತ್ತಿಲ್ಲ.

ಮೊದಲು ನಾನು ಮಾಡಿದ್ದು ತಪ್ಪು.
ಸಂದಿಯ ಬಾಯಿಗೇ ಅಡ್ಡ ಹಲಗೆ: ಪ್ರವೇಶವಿಲ್ಲ.
ಒಂದು ತಿಂಗಳು ಕಾದೆ. ಪುಟಗಳು ಹೋಗಲಿಲ್ಲ.
ಒಳಗೇನಿದೆಯೋ ತಿಳಿಯದು ಎಂಬ ಷರಾ ಹೊತ್ತು
ಅವನ ಪುಸ್ತಕದಲ್ಲೇ ಕೂತವು,
ಬೀಗ ಜಡಿದ ಮನೆಯವರು
ಮತದಾರರ ಪಟ್ಟಿಯಲ್ಲಿ ಉಳಿದ ಹಾಗೆ.

ಮರೆತುಬಿಡು ಅಂತ ಹೇಳುವುದಕ್ಕೂ
ಒಳಗೆ ಕರೆಯಬೇಕು.
ಹಲಗೆ ಕಿತ್ತೆ. ಪ್ರತಿ ಪುಟದ ನೆತ್ತಿಗೆ
ಗಿರಾಕಿಯ ಕಣ್ಣಿಗೆ ಬೀಳದ ಚೀಟಿ, ಅವನೊಬ್ಬನಿಗೆ:
ಬಾ. ನೋಡು. ಬರೆದುಕೊಳ್ಳಬೇಡ.

ಅಂಟಿಸುವ ಮುಂಚೆ, ಯಾಕೋ, ಪಟ್ಟಿ ಓದುತ್ತ ಕೂತೆ.
ಕೆಳಗೆ ಶಟರು ಎಳೆದಾಗಿತ್ತು.
ತೂತು ಕೊಡ ವಾಪಸ್ ತಗೋತೀರಾ.
ಎಡಗೈಯವರಿಗೆ ಈಳಿಗೆ.
ಆಮೇಲೆ, ಮೂರು ರಾತ್ರಿ, ಎರಡು ಗಂಟೆಯ ಮೇಲೆ,
ಹನ್ನೊಂದು ಸಲ, ಒಬ್ಬರೇ ಇರಬೇಕು:
ಪಾತ್ರೆ ಮೇಲಿನ ಹೆಸರು ಅಳಿಸೋದು.
ಪಾತ್ರೆ ಹೆಸರು ತೆಗೆಯೋದು.
ಸ್ಟೀಲ್ ಡಬ್ಬ ಹೆಸರು ಹೋಗಲು.
ಹನ್ನೊಂದಕ್ಕೂ ನಮ್ಮ ಉತ್ತರ ಒಂದೇ:
ಸೊನ್ನೆ ವಸ್ತುಗಳು ಸಿಕ್ಕಿವೆ.

ಬೆಳಗ್ಗೆ ಮೆಟ್ಟಿಲ ಕೆಳಗೆ ಹೆಸರು ಕೊರೆಯುವ ಪಿಳ್ಳಪ್ಪನನ್ನು ಕೇಳಿದೆ.
ಮಷೀನು ನಿಲ್ಲಿಸದೆ ಅಂದ:
‘ಅಳಿಸಕ್ಕಾಗಲ್ಲ ಕಣಮ್ಮ. ಉಜ್ಜಿದ್ರೆ ತಗಡು ತೆಳ್ಳಗಾಯ್ತದೆ.
ಬೇಕಾದ್ರೆ ಅದರ ಮೇಲೇ ಒಂದು ಬಳ್ಳಿ ಬಿಟ್ಟುಕೊಡ್ತೀನಿ.
ಹೂವಿನೊಳಗೆ ಯಾರು ಹುಡುಕ್ತಾರೆ ಹೆಸರ.’

ಅದಕ್ಕೊಂದು ಪುಟ ಬರೆದೆ. ನಿಜವಾದದ್ದು, ಕೈಯಾರೆ.
ದರ ಅಕ್ಷರಕ್ಕಲ್ಲ, ಹೂವಿಗೆ.
ಬರುವವರು ಹಿಂಬಾಗಿಲಿಂದ ಬರಬಹುದು,
ಯಾಕೆ ಏನು ಕೇಳುವುದಿಲ್ಲ.
ಅದರ ನೆತ್ತಿಗೆ ಚೀಟಿ ಅಂಟಿಸಲಿಲ್ಲ.

ಈಗ ದಿನವೂ ಸಂಖ್ಯೆ ಇಳಿಯುತ್ತಿದೆ,
ಒಲೆ ಆರಿಸಿದ ಮೇಲೆ ಹಾಲು ಇಳಿದ ಹಾಗೆ.
ಅವನು ಎಲ್ಲ ಮರೆತ ಮೇಲೆ ಹಲಗೆ ಮತ್ತೆ ಹಾಕಿದರಾಯಿತು.
ನಿನ್ನೆ ಧರಣೇಂದ್ರಯ್ಯ ಬೆರಳು ಮಡಿಸಿ ಅಂದರು:
‘ಕೊನೆಗೆ ನಾನೂರ ಹದಿಮೂರು ಉಳಿಯತ್ತೆ ಅಂತೀಯ.
ಒಂದು ಜಾಸ್ತಿ ಬಂತಲ್ಲ, ಯಾವ ಪಾತ್ರೆ ಅದು?’

ನಾನು ಹೇಳುವಷ್ಟರಲ್ಲಿ
ಸಂದಿಯ ಕಡೆಯಿಂದ ಯಾರೋ ಚೀಲ ಇಟ್ಟ ಸದ್ದು.
ಮೆಟ್ಟಿಲ ಕೆಳಗೆ ಮಷೀನು ಗುಂಯ್ ಎಂದಿತು.