ಉಗುಳು ನುಂಗಬೇಡಿ

ಮೂಗುಬಟ್ಟು ಬಿಚ್ಚಿಡಿ ಅಂದೆ.
ಮದುವೆಯಾದಾಗಿಂದ ತೆಗೆದಿಲ್ಲಣ್ಣ, ಅಂದಳು ಗಾದೆಮ್ಮ.
ಸೋಪು ಹಚ್ಚಿ, ತಿರುವಿ, ಕಣ್ಣಲ್ಲಿ ನೀರು ಬಂದು
ಕೊನೆಗೆ ಸ್ಟೀಲಿನ ತಟ್ಟೆಗೆ ಟಣ್ಣೆಂದು ಬಿತ್ತು.
ಓಲೆ, ಸರ, ಹೇರ್‌ಪಿನ್ನು.
ಕಾಲುಂಗುರ ಇರಲಿ,
ಯಂತ್ರ ಅಷ್ಟು ಕೆಳಗೆ ನೋಡುವುದಿಲ್ಲ.

ಗಾಂಧಿನಗರದ ನಮ್ಮ ಸ್ಕ್ಯಾನ್ ಸೆಂಟರು ನೆಲಮಾಳಿಗೆಯಲ್ಲಿದೆ.
ಮೇಲೆ ಬಳ್ಳಾರಿ ಉರಿಯುತ್ತಿರುತ್ತದೆ;
ಇಲ್ಲಿ ಏಸಿ, ಅದೂ ಯಂತ್ರಕ್ಕಾಗಿ.
ಒಪ್ಪಿಗೆ ಪತ್ರಕ್ಕೆ ದುಂಡಗೆ ಸಹಿ ಮಾಡಿದಳು.
ಪಕ್ಕದಲ್ಲಿ ಬೆರಳೂರಿದ ಕಡೆ
ಯಾರೂ ಕೇಳದ ಇನ್ನೊಂದು ಸಹಿ, ನೀಲಿ.
ಕೌಲ್ ಬಜಾರಿನ ಜೀನ್ಸು
ಚರ್ಮವನ್ನು ಅಷ್ಟು ಬೇಗ ಬಿಡುವುದಿಲ್ಲ.

"ಸ್ಕ್ಯಾನಿಗೆಷ್ಟು?"
ಎರಡು ಸಾವಿರ.
ತುಟಿಯಲ್ಲೇ ಲೆಕ್ಕ ಹಾಕಿದಳು: "ಎಂಟುನೂರು ಜೇಬು."

ಮೇಲಿನ ಸಾಲಿನ ಮುಂದಿನ ಹಲ್ಲು.
ದಾರ ಕಚ್ಚಿ ಕಚ್ಚಿ ಅಂಚಿಗೊಂದು ಕಚ್ಚು.
ಬುಡದಲ್ಲಿ, ವಸಡಿಗೆ ತಾಗಿದಂತೆ,
ಒಳಗೆ ದಾಳಿಂಬೆ ಕಾಳಿಟ್ಟ ಹಾಗೆ ಗುಲಾಬಿ ಚುಕ್ಕೆ.
ನೋವಿಲ್ಲ. ನೋವಿದ್ದಿದ್ದರೆ ಯಾವತ್ತೋ ಕೀಳಿಸ್ತಿದ್ದೆ.
ಚೆಂದ ಕಾಣ್ತೈತೆ ಅಂದಳಂತೆ ಪಕ್ಕದ ಮಷೀನಿನವಳು.
ಸಣ್ಣ ಎಕ್ಸ್‌ರೇಯಲ್ಲಿ ಬರೀ ನೆರಳು,
ಮುಂದಿದೆಯೋ ಹಿಂದಿದೆಯೋ ನೆರಳಿಗೇ ಗೊತ್ತಿಲ್ಲ.
ಅದಕ್ಕೇ ಡಾಕ್ಟರ್ ನುಸ್ರತ್ ಚೀಟಿ ಬರೆದದ್ದು: ತ್ರೀಡಿ.

ಗದ್ದ ಇಲ್ಲಿಡಿ. ಇದನ್ನು ಕಚ್ಚಿ.
ಅಲುಗಬೇಡಿ. ಉಗುಳು ನುಂಗಬೇಡಿ.
ಹದಿನಾಲ್ಕು ಸೆಕೆಂಡು.
ಬಾಗಿಲು ಹಾಕಿ ಗುಂಡಿ ಒತ್ತುತ್ತೇನೆ.
ಯಂತ್ರದ ತೋಳು ಅವಳ ತಲೆ ಸುತ್ತುತ್ತದೆ
ಉಪ್ಪು ಮೆಣಸಿನಕಾಯಿ ಇಲ್ಲದೆ
ದೃಷ್ಟಿ ತೆಗೆಯುವ ಮುದುಕಿಯ ಹಾಗೆ.

ಆಮೇಲೆ ಪರದೆ.
ಮೂಲಂಗಿ ಹೆಚ್ಚಿದಂತೆ ಹಲ್ಲು ಹೆಚ್ಚುತ್ತೇನೆ ಮೌಸಿನಲ್ಲಿ,
ಬಿಲ್ಲೆ ಬಿಲ್ಲೆ, ಕೂದಲೆಳೆಯಷ್ಟು ತೆಳು.
ಮುಂದಿನ ಗೋಡೆ ಸವೆದಿದೆ, ತೂತಾಗಿಲ್ಲ.
ಹಿಂದೆ, ಅಂಗುಳದ ಕಡೆ, ವಸಡಿನ ಮರೆಯಲ್ಲಿ
ಸಾಸಿವೆ ತೂರುವಷ್ಟು ಬಾಯಿ.
ಒಳಗೆ ಹೋದಂತೆ ಅಗಲ.
ಆದರೆ ನರದ ಹತ್ತಿರ ಬಂದು ನಿಂತಿದೆ.
ನರದ ಸುತ್ತ ಈರುಳ್ಳಿ ಸಿಪ್ಪೆಯಷ್ಟು ಗೋಡೆ,
ಅದೊಂದನ್ನು ಬಿಟ್ಟು ಸುತ್ತೆಲ್ಲ ತಿಂದಿದೆ.
ಯಾಕೆ ಬಿಟ್ಟಿತೆಂದು
ಇಂಥದ್ದು ಕಂಡಾಗೆಲ್ಲ ಕೇಳಿಕೊಳ್ಳುತ್ತೇನೆ.

"ಏನೈತಣ್ಣ?"
ಮೊದಲು ನೋಡುವವನು ನಾನು,
ಹೇಳಬಾರದವನೂ ನಾನೇ.
ಡಾಕ್ಟರ್ ಹೇಳ್ತಾರಮ್ಮ, ಅಂದೆ. ನನ್ನ ನಾಲಿಗೆ
ನನ್ನದೇ ಹಲ್ಲಿನ ಹಿಂಬದಿ ತಡವುತ್ತಿತ್ತು.

ಹುಳ ತಿಂದಿದ್ದಲ್ಲ ಎಂದರಂತೆ ನುಸ್ರತ್,
ನಿನ್ನ ಮೈಯ ಕಣಗಳೇ, ದಾರಿ ತಪ್ಪಿ.
"ನಂದೇ ನನ್ನ ತಿಂತೈತಾ?"
ಯಾವತ್ತಾದರೂ ಪೆಟ್ಟು ಬಿದ್ದಿತ್ತೇನು?
ಇಲ್ಲ ಎಂದವಳು ಸ್ವಲ್ಪ ಹೊತ್ತು ಸುಮ್ಮನಿದ್ದು
ಕುರುಗೋಡಿನ ಬೋರಿಂಗಿನ ಮಾತೆತ್ತಿದಳಂತೆ.
ಹತ್ತು ವರ್ಷ ಆಗ. ಗೆಳತಿ ಕೈಬಿಟ್ಟ ಹಿಡಿಕೆ
ಮೇಲೆದ್ದು ಬಾಯಿಗೆ ಬಡಿದದ್ದು.
ಹಲ್ಲು ಅಲುಗಾಡಿತು, ಬೀಳಲಿಲ್ಲ. ಕೊಡ ತುಂಬಿತು.
ಮನೆಯಲ್ಲಿ ಹೇಳಲಿಲ್ಲ.
ಎಲ್ಲರಿಗೂ ಮರೆತುಹೋಯಿತು, ಹಲ್ಲೊಂದಕ್ಕೆ ಬಿಟ್ಟು.

ವಸಡು ಬಿಡಿಸಿ, ಮೆತ್ತಗಿದ್ದುದನ್ನೆಲ್ಲ ಕೆರೆದು,
ಸುಡುವ ಔಷಧಿಯಲ್ಲಿ ಅದ್ದಿದ ಹತ್ತಿ ಒತ್ತಿ,
ತುಂಬಿ, ನಾಲ್ಕು ಹೊಲಿಗೆ.
ಎಲ್ಲಿ ಕೊಯ್ಯಬೇಕೆಂದು ನನ್ನ ಬಿಲ್ಲೆಗಳು ಹೇಳಿದ್ದವು,
ಅಷ್ಟು ಹೆಮ್ಮೆ ನನಗಿರಲಿ.
ಕನ್ನಡಿಯಲ್ಲಿ ನೋಡಿಕೊಂಡಳಂತೆ ಗಾದೆಮ್ಮ:
"ಹೊಲಿಗೆ ಸಣ್ಣಗೈತೆ ಮೇಡಂ.
ಮೂರನೇದು ಒಂಚೂರು ಎಳೆದೀರಿ."

ಆರು ತಿಂಗಳಿಗೆ ಮತ್ತೆ ಬಂದಳು.
ಗೋಡೆ ನಿಂತಿದೆಯಾ ನೋಡಬೇಕು;
ನಿಲ್ಲದೆಯೂ ಹೋಗಬಹುದು,
ಅದನ್ನೂ ನುಸ್ರತ್ ಮುಚ್ಚಿಟ್ಟಿಲ್ಲ.
ಹೇಳುವ ಮೊದಲೇ ಮೂಗುಬಟ್ಟು ತೆಗೆದಳು, ಓಲೆ ತೆಗೆದಳು,
ಆಮೇಲೆ ಕೊರಳಿನಿಂದ, ಕಪ್ಪು ದಾರಕ್ಕೆ ಕಟ್ಟಿದ
ಪುಟ್ಟದೊಂದು ಕತ್ತರಿ.
ತಟ್ಟೆಯಲ್ಲಿ ಅದರ ಸದ್ದೇ ಬೇರೆ.
ಗದ್ದ ತಾನೇ ಇಟ್ಟಳು. ಕಚ್ಚಿದ ಬಾಯಿ ಬಿಡದೆ
ಗೊತ್ತು, ನುಂಗಲ್ಲ, ಎಂಬಂತೆ ಹುಬ್ಬು ಹಾರಿಸಿದಳು.

ನಾನು ಬಾಗಿಲು ಹಾಕಿದೆ.