ಕೆಂಪು ಗುಳ್ಳೆ

ಐದೂಕಾಲಿಗೆ ಕಾರು ಬಂತು. ದೀಪ ಆರಿಸಿ ಅಂದೆ.
ಏರಿ ಮೇಲಿಂದ ಬೆಳಕು ಬಿದ್ದರೆ ದಡದ ಮೀನು ಒಳಕ್ಕೆ ಜಾರುತ್ತೆ,
ಹೊತ್ತು ಮೂಡೋತನಕ ಈ ಕಡೆ ತಲೆ ಹಾಕಲ್ಲ.
ಪರ್ವೀನ್ ಮೇಡಂ ಇಳಿದರು, ಫ್ರೇಜರ್ ಟೌನಿನ ಮೂಳೆ ಡಾಕ್ಟ್ರು,
ಒಂದು ಕೈಲಿ ಹೊಸ ಕೋಲು, ಇನ್ನೊಂದರಲ್ಲಿ ಫ್ಲಾಸ್ಕು.
"ಏನಂತೆ ಹೊನ್ನಪ್ಪ, ಇವತ್ತು ಕಚ್ಚುತ್ತಾ?"

ಏನು ಹೇಳಲಿ.
ಹದಿನೈದು ದಿನದ ಹಿಂದೆ ಕೇಳಿದ್ದರೆ ಎದೆ ತಟ್ಟಿ ಹೇಳ್ತಿದ್ದೆ.
ಹಸ್ತ ಮಳೆಗೆ ನೀರು ಟೀ ಬಣ್ಣ, ತೂಬಿನ ಬಾಯಲ್ಲಿ ನೊರೆ,
ರಬ್ಬರು ಕಪ್ಪೆ ಎಸೆದರೆ ಎರಡನೇ ಸಲಕ್ಕೇ
ಢಬ್ ಅಂತ ಮೇಲೆದ್ದು ಹೊಡೀತಿತ್ತು ಕೊರಮೀನು.
ಈಗ ಚಿತ್ತೆ. ಕುರುಡು ಚಿತ್ತೆ.
ಯಲಹಂಕದಲ್ಲಿ ಮೋರಿ ಉಕ್ಕಿಸುತ್ತೆ,
ರಾಜಾನುಕುಂಟೆ ದಾಟಿದರೆ ಒಣಗಿದ ಟಾರು.
ಬೆಳಗ್ಗೆ ಮಂಜು, ಹತ್ತಕ್ಕೆ ನೆತ್ತಿ ಸುಡೋ ಬಿಸಿಲು,
ಮೂರಕ್ಕೆ ಗುಡುಗು, ಅದೂ ಮಾತು ತಪ್ಪೋ ಗುಡುಗು.
ಯಾವ ಆಳದಲ್ಲಿ ನಿಲ್ಲಬೇಕು ಅಂತ ಮೀನಿಗೇ ಗೊತ್ತಿಲ್ಲ.
ಮೀನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿರಲಿ ಅಂತ
ಇವರು ನನಗೆ ದುಡ್ಡು ಕೊಡೋದು.

ಹರಿಗೋಲು ನೂಕಿದೆ. ಮೊಣಕೈತನಕ ಕೈ ಇಳಿಸಿದೆ.
ಮೇಲೆ ಬೆಚ್ಚಗೆ, ಒಂದು ಗೇಣು ಕೆಳಗೆ ತಣ್ಣಗೆ.
"ಫೋನು ವಾಯುವ್ಯದ ಗಾಳಿ ಅಂತಿದೆ" ಅಂದರು.
ಜೊಂಡು ಇತ್ತ ಬಾಗಿದೆ ನೋಡಿ, ಅಂದೆ.
ಫೋನು ಜೇಬಿಗೆ ಹೋಯಿತು.

ಆನೆಹುಲ್ಲಿನ ಅಂಚಿಗೆ ಎಸೀರಿ. ನಿಧಾನ.
ಎರಡು ಎಣಿಸಿ, ಒಂದು ಸಲ ಅಲುಗಿಸಿ. ಕಪ್ಪೆಗೂ ಸುಸ್ತಾಗುತ್ತಲ್ಲ.
ಮೂವತ್ತು ಸಲ ಎಸೆದರು. ನಲವತ್ತು.
ಆಚೆ ದಡದಲ್ಲಿ ಹೊಸ ಲೇಔಟಿನ ಜೆಸಿಬಿ ಎಚ್ಚರಾಯಿತು.
ನೀರು ಮಾತ್ರ ಮಲಗೇ ಇತ್ತು.

ಆಮೇಲೆ ಕಂಡಿತು. ಜಾಲಿ ಬೊಡ್ಡೆಯ ಪಕ್ಕ,
ಮೊರದಗಲ ನೀರು ಕೆಂಪಗೆ ಪುಳುಪುಳು ಅಂತಿತ್ತು,
ಸಾವಿರ ಮರಿ ಉಸಿರಿಗೆ ಬಾಯಿ ತೆಗೆದಂತೆ.
ಅದರಡಿ ತಾಯಿ ಇರುತ್ತೆ, ತಂದೆ ಇರುತ್ತೆ.
ಅಲ್ಲಿಗೆ ಏನು ಎಸೆದರೂ ಹೊಡೆಯುತ್ತವೆ.
ಹಸಿವಿಗಲ್ಲ.

ಹೋದ ವರ್ಷ ಇಂಥದ್ದೇ ದಿನ,
ಇಂದಿರಾನಗರದ ಇಬ್ಬರು ಹುಡುಗರು, ಬರಿಗೈ, ಮುಖ ಬಾಡಿತ್ತು.
ನಾನೇ ಬೆರಳು ಮಾಡಿ ತೋರಿಸಿದೆ.
ಮೂರು ಕೇಜಿ ತಾಯಿ. ಫೋಟೋ ತೆಗೆದರು, ಮುತ್ತಿಟ್ಟರು,
ಜೋಪಾನವಾಗಿ ವಾಪಸ್ಸು ಬಿಟ್ಟರು. ತಪ್ಪೇನೂ ಮಾಡಲಿಲ್ಲ ಪಾಪ.
ಐದೇ ನಿಮಿಷ.
ಅಷ್ಟರಲ್ಲಿ ಜಿಲೇಬಿ ಮೀನಿನ ಹಿಂಡು ಬಂದು
ಕೆಂಪನ್ನೆಲ್ಲ ಬಾಚಿಕೊಂಡು ಹೋಗಿತ್ತು.
ತಾಯಿ ಬೊಡ್ಡೆ ಸುತ್ತ ಸುತ್ತುತ್ತಾ ಇತ್ತು.
ಐನೂರು ರೂಪಾಯಿ ಭಕ್ಷೀಸು, ಗರಿಗರಿ ನೋಟು.
ಆವತ್ತು ಸಂಜೆ ಮನೇಲಿ ಮುದ್ದೆ ಗಂಟಲಿಗಿಳಿಯಲಿಲ್ಲ.

"ಅದೇನದು, ಕೆಂಪಗೆ?"
ಕೊಳೆತ ಎಲೆಯಿಂದ ಏಳೋ ಗಾಳಿ ಮೇಡಂ, ಗುಳ್ಳೆ.
ಹುಟ್ಟು ತಿರುಗಿಸಿ ಆಳಕ್ಕೆ ಹಾಕಿದೆ.
ಇಪ್ಪತ್ತು ವರ್ಷದಲ್ಲಿ ಇಷ್ಟು ಕೆಟ್ಟ ಸುಳ್ಳು ಹೇಳಿರಲಿಲ್ಲ.
ಅವರು ಬಹಳ ಹೊತ್ತು ಹಿಂದಕ್ಕೇ ನೋಡುತ್ತಿದ್ದರು.
ಆಮೇಲೆ ಕಪ್ಪೆಯ ಕೊಕ್ಕೆ ಬಿಚ್ಚಿ ಡಬ್ಬಿಗೆ ಹಾಕಿ,
ಫ್ಲಾಸ್ಕಿನ ಮುಚ್ಚಳಕ್ಕೆ ಚಾ ಬಗ್ಗಿಸಿ ನನ್ನ ಕಡೆ ಚಾಚಿ,
"ಎಷ್ಟು ದಿನ ಕಾಯುತ್ತವೆ?" ಅಂದರು.
ಎಕ್ಸ್-ರೇ ನೋಡೋ ಕಣ್ಣು, ನನ್ನ ಗುಳ್ಳೆ ನಂಬುತ್ತಾ.
ಮರಿ ಕೆಂಪು ಬಿಟ್ಟು ಕಪ್ಪಾಗೋವರೆಗೆ, ಅಂದೆ.
ಚಾ ಸಿಹಿ ಜಾಸ್ತಿ ಇತ್ತು.

ಹೊರಡೋ ಹೊತ್ತಿಗೆ ಸಣ್ಣ ಕೊಕ್ಕೆಗೆ ಎರೆಹುಳ ಪೋಣಿಸಿದರು, ಸುಮ್ಮನೆ.
ಬಿತ್ತು ಒಂದು ಜಿಲೇಬಿ, ಅಂಗೈಯಗಲ.
ಒದ್ದೆ ಕೈಲಿ ಹಿಡಿದು, ಅಭ್ಯಾಸದಂತೆ ನೀರಿಗೆ ಬಗ್ಗಿದರು.
ಬೇಡಿ ಮೇಡಂ, ಅಂದೆ.
ಇದೊಂದನ್ನ ಮನೆಗೊಯ್ದು ಹುರಕೊಂಡು ತಿನ್ನಿ.
ಮುಂದಿನ ವಾರ ಸ್ವಾತಿ.
ಅದು ಏನು ಮಾಡುತ್ತೋ, ನನಗೂ ಗೊತ್ತಿಲ್ಲ.